ಎಡಗೈಯಲ್ಲಿ ಬರೆದ ಹಾಳೆ

ಇವತ್ತು ಮಾಡಿದ ಕೆಲಸ ಇಷ್ಟು. ಬೆಳಗ್ಗೆ ಐದೂವರೆಗೆ ನಳ ಬಂತು, ಎರಡು ಕೊಡ ಒಂದು ಡ್ರಮ್ ತುಂಬಿಸಿದೆ. ಅಕ್ಕಿಯಲ್ಲಿ ಹುಳ ಕಂಡವು, ಕೇರಿ ಮೊರದ ಸಮೇತ ಬಿಸಿಲಿಗಿಟ್ಟೆ. ಮನೆಯವರ ಅಂಗಿಗೆ ಎರಡು ಗುಂಡಿ ಹಚ್ಚಿದೆ. ಏಳರ ಬಸ್ಸಿಗೆ ಮಾನ್ವಿಗೆ ಹೋಗಿ ಸತ್ತವರ ಮನೆಯಲ್ಲಿ ಹನ್ನೆರಡರ ತನಕ ಕೂತೆ. ತಿರುಗಿ ರಾಯಚೂರಿಗೆ ಬಂದು ಅರ್ಧ ದಿನದ ರಜೆ ಬರೆದುಕೊಟ್ಟು, ಕಡತದ ಕೋಣೆಯ ಬೀಗ ತೆಗೆದೆ. ದಬ್ಬಣಕ್ಕೆ ದಾರ ಪೋಣಿಸಿ ಒಂದು ಹಾಳೆ ಹೊಲಿದೆ. ಮನೆಗೆ ಬರುವಾಗ ಪುಂಡಿಸೊಪ್ಪು ಎರಡು ಕಟ್ಟು ತಂದೆ.

ದಿನವೂ ಮಲಗುವ ಮುಂಚೆ ಇಷ್ಟು ಬರೆದಿಡುವುದು ನನ್ನ ರೂಢಿ. ಆದರೆ ಆ ಹಾಳೆ ಹೊಲಿದದ್ದನ್ನು ಒಂದೇ ಸಾಲಿನಲ್ಲಿ ಬಿಟ್ಟರೆ ಆಗುವುದಿಲ್ಲ. ಮಾಸ್ತರ ವಿಷಯ ಹೇಳಬೇಕು.

ನಾನು ರಾಯಚೂರಿನ ಒಂದು ಸಣ್ಣ ಮ್ಯೂಸಿಯಮ್ಮಿನಲ್ಲಿ ಕಡತದ ಕೋಣೆ ನೋಡಿಕೊಳ್ಳುವವಳು. ಮುಂದಿನ ಹಾಲಿನಲ್ಲಿ ವೀರಗಲ್ಲು, ತುಕ್ಕು ಹಿಡಿದ ಕತ್ತಿ. ಹಿಂದಿನ ಕೋಣೆಯಲ್ಲಿ ನಿಜಾಮರ ಕಾಲದ ಕಾಗದಗಳು, ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿದವು. ಬಹಳಷ್ಟು ಉರ್ದು. ಅದೂ ಅವಸರದ ಕೈಯ ಉರ್ದು, ಇರುವೆಗೆ ಮಸಿ ಹತ್ತಿ ಹಾಳೆಯ ಮೇಲೆ ಓಡಾಡಿದ ಹಾಗೆ. ಅದನ್ನು ಓದಬಲ್ಲವರು ಊರಲ್ಲಿ ಬೆರಳೆಣಿಕೆಯಷ್ಟು. ಅವರಲ್ಲೊಬ್ಬರು ಮಾಸ್ತರು. ಮಾನ್ವಿಯವರು, ಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಬರುತ್ತಿದ್ದರು.

ಬಿಳಿ ಪೈಜಾಮ, ಕರಿ ಟೋಪಿ, ಬಗಲಲ್ಲಿ ಚೀಲ. ಚೀಲದಲ್ಲಿ ಮಂಡಾಳು, ಅಂದರೆ ಮಂಡಕ್ಕಿ ಒಗ್ಗರಣೆಯ ಡಬ್ಬಿ, ಹಳೆಯ ಪಂಚಾಂಗದಂಥ ಒಂದು ಜಂತ್ರಿ, ಮತ್ತೆ ಕರಿಮರದ ಉದ್ದ ರೂಲು. ರೂಲು ಶಾಲೆಯ ಕಾಲದ್ದು. ಗೆರೆ ಹೊಡೆಯಲಿಕ್ಕೆ ಅಂತ ಹೆಸರು. ಅದರಿಂದ ಅವರು ಗೆರೆ ಹೊಡೆದದ್ದಕ್ಕಿಂತ ಹುಳ ಹೊಡೆದದ್ದು ಹೆಚ್ಚು. ಗಂಟು ಬಿಚ್ಚಿದ ಕೂಡಲೇ ಹೊರಬರುವ ಬೆಳ್ಳಿಹುಳಗಳನ್ನು ಒಂದೊಂದಾಗಿ ಚಚ್ಚುವರು.

"ಇವ ತಹಸೀಲ್ದಾರ. ಇವ ಗಿರದಾವರ. ಏ, ಇವನ್ನ ನೋಡು, ಅಮೀನ್ ಸಾಬ, ಹೆಂಗ ಓಡಾಕತ್ತಾನ!" ಅನ್ನುವರು. ಟಪ್. "ಎಷ್ಟು ಕಾಗದ ತಿಂದಾರ ಮಕ್ಕಳು."

ಅವರು ಬರಹತ್ತಿದ ಮೊದಲ ದಿನ ಮನೆಯಲ್ಲಿ ಹೇಳಿದೆ, ಮಾನ್ವಿ ಶಾಲೆಯ ಇಂಥ ಮಾಸ್ತರು ಬಂದಿದ್ದರು ಅಂತ. ನಮ್ಮ ಮನೆಯವರ ತುತ್ತು ಕೈಯಲ್ಲೇ ನಿಂತಿತು.

"ಇನ್ನೂ ಅದಾನ?" ಅಂದರು.

ನಮ್ಮ ಮನೆಯವರಿಗೆ ಎಡಗಿವಿ ಕೇಳುವುದಿಲ್ಲ. ಮದುವೆಯಾದ ಹೊಸದರಲ್ಲಿ ಹುಟ್ಟಿನಿಂದಲೇ ಹೀಗೆ ಅಂತ ತಿಳಿದಿದ್ದೆ. ಅಲ್ಲ. ಏಳನೆಯ ತರಗತಿಯಲ್ಲಿ ಯಾವುದೋ ಯುದ್ಧದ ಇಸವಿ ತಪ್ಪು ಹೇಳಿದ್ದಕ್ಕೆ ಮಾಸ್ತರು ಹೊಡೆದ ಏಟು. ಕಿವಿಯಿಂದ ರಕ್ತ ಬಂದು ಅಂಗಿಯ ಹೆಗಲು ತೊಯ್ದಿತ್ತಂತೆ. "ಹೊಡದು, ಬೋರ್ಡಿನ ಮ್ಯಾಗ ಇಸವಿ ಬರದು, ಮುಂದಿನ ಪಾಠ ತೆಗಿರಿ ಅಂದ," ಅಂದರು. ಮತ್ತೆ ಉಣ್ಣತೊಡಗಿದರು.

ಇದನ್ನು ನಾನು ಮಾಸ್ತರಿಗೆ ಹೇಳಲಿಲ್ಲ. ಅವರು ಓದುವುದು, ನಾನು ಕನ್ನಡದಲ್ಲಿ ಬರೆದುಕೊಳ್ಳುವುದು, ಹಾಗೆಯೇ ನಡೆಯಿತು. ನನ್ನನ್ನು ಯವ್ವಾ ಅನ್ನುತ್ತಿದ್ದರು. ನಡುವೆ ಡಬ್ಬಿ ತೆಗೆದು ಅರ್ಧ ಒಗ್ಗರಣೆ ನನಗೆ. ಕಿವಿಯ ಮಾತು ಹೊಟ್ಟೆಯಲ್ಲೇ ಇಟ್ಟುಕೊಂಡು ಆ ಒಗ್ಗರಣೆ ತಿಂದೆ, ಅದೂ ಖರೆ.

ಒಂದು ದಿನ ದೇವದುರ್ಗ ಕಡೆಯ ಗಂಟೊಂದು ಬಿಚ್ಚಿದೆವು. ಮೇಲಿನ ಹಾಳೆಗಳನ್ನು ಗೆದ್ದಲು ತಿಂದು ಆರೋಪಿಯ ಹೆಸರು, ತಾರೀಕು ಎಲ್ಲ ಹೋಗಿದ್ದವು. ಉಳಿದದ್ದು ಒಬ್ಬ ಆಳಿನ ಕೊಲೆ. ಹೆಸರು ಹುಲಿಗೆಪ್ಪ. ಊರ ಗೌಡನ ಕಣ ಕಾಯುವವ. ಮೊಹರಂ ಹಬ್ಬ, ಅಲಾಯಿ ಕುಣಿಯ, ಅಂದರೆ ಬೆಂಕಿಗುಂಡಿಯ ಸುತ್ತ ಕುಣಿಯುತ್ತೇನೆ ಅಂತ ಅವನು ಪೀರಲ ದೇವರಿಗೆ ಹರಕೆ ಹೊತ್ತಿದ್ದ. ಕಣ ಬಿಟ್ಟು ಹೋಗಿ ಕುಣಿದ. ಬೆಳಗ್ಗೆ ತಿರುಗಿ ಬರುವಷ್ಟರಲ್ಲಿ ಎತ್ತುಗಳು ಹಗ್ಗ ಹರಿದು ಜೋಳದ ರಾಶಿಗೆ ಬಾಯಿ ಹಾಕಿದ್ದವು. ಗೌಡ ಅವನನ್ನು ಚಾವಡಿಯ ಬೇವಿನ ಮರಕ್ಕೆ ಕಟ್ಟಿಸಿ, ನೀರಲ್ಲಿ ನೆನೆಸಿದ ತೊಗಲಿನ ಮಿಣಿಯಿಂದ ಹೊಡೆಸಿದ. ಮಧ್ಯಾಹ್ನದ ತನಕ.

ದವಾಖಾನೆಯ ಹಕೀಮ ಗಾಯಗಳನ್ನು ಎಣಿಸಿ ಬರೆದಿದ್ದ. ಮಾಸ್ತರು ಅದನ್ನು ಎದ್ದು ನಿಂತು ಓದಿದರು. ಬೆನ್ನಿನ ಮೇಲೆ ಇಪ್ಪತ್ತೇಳು ಬಾಸುಂಡೆ, ಹನ್ನೊಂದರಲ್ಲಿ ಎಲುಬು ಕಾಣುತ್ತದೆ. ಬಲಗಣ್ಣು ಒಡೆದಿದೆ. ನಾಲಿಗೆ ಹಲ್ಲಿನ ನಡುವೆ ಕತ್ತರಿಸಿದೆ. ಒಂದೊಂದು ಗಾಯಕ್ಕೂ ರೂಲಿನಿಂದ ಮೇಜು ಕುಟ್ಟುವರು. "ಬರಿ ಯವ್ವಾ. ಬರಿ. ಒಂದೂ ಬಿಡಬ್ಯಾಡ." ಒಂದೂ ಬಿಡದೆ ಬರೆದೆ. ಅವತ್ತು ಮನೆಗೆ ಹೋಗಿ ಏನು ಉಂಡೆ ಅಂತ ನನ್ನ ವಹಿಯಲ್ಲಿ ಇಲ್ಲ.

ಸಾಕ್ಷಿ ಹೇಳಿದವರೆಲ್ಲ 'ಗೌಡರ ಹುಕುಂ' ಅಂದಿದ್ದರೇ ಹೊರತು ಗೌಡನ ಹೆಸರು ಯಾರ ಬಾಯಿಂದಲೂ ಬಂದಿರಲಿಲ್ಲ. ಆ ಊರಿನಲ್ಲಿ ಮೊದಲು ದೊಡ್ಡ ಗೌಡ, ಅವನು ಸತ್ತ ಮೇಲೆ ಅವನ ತಮ್ಮ ಸಣ್ಣ ಗೌಡ, ಇಬ್ಬರೂ ಗೌಡಕಿ ಮಾಡಿದವರು. ಯಾರ ಕಾಲದ ಕೊಲೆ ಅಂತ ತಿಳಿಯಬೇಕಾದರೆ ವರ್ಷ ಬೇಕು. ವರ್ಷ ಇದ್ದದ್ದು ಹಕೀಮನ ಹಾಳೆಯಲ್ಲಿ ಮಾತ್ರ, ಬರೀ ನಾಲ್ಕು ಅಂಕಿ.

ಇಲ್ಲಿ ಒಂದು ಮಾತು ಹೇಳಬೇಕು. ನಿಜಾಮರ ಸರಕಾರಿ ಕಾಗದಗಳಲ್ಲಿ ವರ್ಷ ಬರೆಯುತ್ತಿದ್ದುದು ಫಸಲಿಯಲ್ಲಿ, ಅಂದರೆ ಬೆಳೆಯ ಲೆಕ್ಕದಲ್ಲಿ. ಮಸೀದಿ, ಮನೆಯ ಕಾಗದಗಳಲ್ಲಿ ಹಿಜರಿ, ಚಂದ್ರನ ಲೆಕ್ಕ. ಅವೇ ಅಂಕಿಗಳನ್ನು ಫಸಲಿ ಅಂತ ಓದಿದರೆ ಒಂದು ವರ್ಷ, ಹಿಜರಿ ಅಂತ ಓದಿದರೆ ಅದಕ್ಕೂ ಒಂಬತ್ತು ವರ್ಷ ಹಿಂದೆ. "ಫಸಲಿಗೆ ಐನೂರಾ ತೊಂಬತ್ತು ಕೂಡಸು, ನಮ್ಮ ಇಸವಿ ಬರ್ತದ," ಅಂತ ನನಗೆ ಕಲಿಸಿದವರೇ ಮಾಸ್ತರು. ಆದರೆ ಹಕೀಮನ ಹಾಳೆಯ ತಲೆಯ ಮೇಲೆ ದೇವರ ಹೆಸರು ದೊಡ್ಡದಾಗಿತ್ತು. "ಇವ ನಮಾಜಿ ಮನಷ್ಯಾ, ಹಿಜರಿನೇ ಬರೀತಾನ," ಅಂದರು. ಒಂಬತ್ತು ವರ್ಷ ಹಿಂದೆ ಹೋದರು. ಆಗ ಗೌಡ ಅಂದರೆ ದೊಡ್ಡ ಗೌಡ.

ಊರಿನ ಒಂದು ಸಣ್ಣ ಪತ್ರಿಕೆಗೆ ಬರೆದರು. ಹುಲಿಗೆಪ್ಪನ ಹೆಸರು ಮೊದಲ ಸಾಲಿನಲ್ಲಿ, ದೊಡ್ಡ ಗೌಡನ ಹೆಸರು ಕೊನೆಯ ಸಾಲಿನಲ್ಲಿ.

ಎಂಟು ದಿನಕ್ಕೆ ಜೀಪು ಬಂತು. ಮಧ್ಯಾಹ್ನ, ನಾವಿಬ್ಬರೂ ಹಿಂದಿನ ಪಡಸಾಲೆಯಲ್ಲಿದ್ದೆವು. ಮಾಸ್ತರು ಡಬ್ಬಿ ಬಿಚ್ಚಿದ್ದರು, ನಾನು ಒಂದು ಕಡತ ಹೊಲಿಯುತ್ತಿದ್ದೆ. ಇಳಿದವರು ಮೂವರು. ಮುಂದಿದ್ದವನು ದೊಡ್ಡ ಗೌಡನ ಮೊಮ್ಮಗ, ಈಗಿನ ಗೌಡ, ಅರವತ್ತರ ಹತ್ತಿರದವ.

"ಮಾಸ್ತರ್ ಅಂದ್ರ ನೀವ?"

"ಹೌದಪ್ಪ, ಬಾ, ಕುಂದ್ರು. ಒಗ್ಗರಣಿ ತಿಂತಿ?"

"ನಮ್ಮ ಮುತ್ಯಾಗ ಕೊಲಿಗಾರ ಅಂತ ಬರದಿ. ಬರಗಾಲದಾಗ ಜ್ವಾಳದ ಹಗೇವು ತೆಗಸಿ ಊರಿಗೆ ಅನ್ನಾ ಹಾಕಿದಾತ. ಇರಿವಿ ಸತ್ರ ಮರಗಾಂವ. ಯಾವ ಕೈಲೆ ಬರದಿ ಲೇ?"

ಮಾಸ್ತರು ಬಲಗೈ ಎತ್ತಿ ತೋರಿಸಿದರು. ಹಟಮಾರಿ ಮನುಷ್ಯ. "ಇದಾ ಕೈಲೆ," ಅಂದರು.

ಇಬ್ಬರು ಹಿಡಿದು ಕೈಯನ್ನು ಕಲ್ಲಿನ ಮೆಟ್ಟಿಲ ಮೇಲೆ ಒತ್ತಿದರು. ಗೌಡ ಅವರದೇ ರೂಲು ತೆಗೆದುಕೊಂಡ. ಮೊದಲ ಏಟಿಗೆ ಬೆರಳು ಮುರಿದ ಸದ್ದು ನನಗೆ ಕೇಳಿಸಿತು, ಒಣ ಜೋಳದ ದಂಟು ಮುರಿದ ಹಾಗೆ. ಮಾಸ್ತರು ಕೂಗಲಿಲ್ಲ. ಮೂರನೆಯ ಏಟಿಗೆ ಕೂಗಿದರು. ಮುಖಕ್ಕೆ ಒದ್ದಾಗ ಎರಡು ಹಲ್ಲು ಮಂಡಾಳಿನ ಮೇಲೆ ಬಿದ್ದವು. ನನ್ನ ಕೈಯಲ್ಲಿ ದಬ್ಬಣ ಇತ್ತು. ಕೈ ಹಿಡಿದವನ ತೋಳಿಗೆ ಚುಚ್ಚಿದೆ. ರಟ್ಟಿಗೆ ಇಳಿಯುವುದಕ್ಕಿಂತ ಸುಲಭವಾಗಿ ಇಳಿಯಿತು. ಅವನು ನನ್ನನ್ನು ಗೋಡೆಗೆ ಎತ್ತಿ ಹಾಕಿದ. ಮಂದಿ ಸೇರುವುದರೊಳಗೆ ಜೀಪು ಹೋಗಿತ್ತು. ದಬ್ಬಣದ ರಕ್ತ ಸೆರಗಿಗೆ ಒರೆಸಿಕೊಂಡೆ. ಆ ಸೀರೆಯ ಕಲೆ ಇನ್ನೂ ಹೋಗಿಲ್ಲ.

ಮೂರು ಬೆರಳು, ಮಣಿಕಟ್ಟು. ಆಸ್ಪತ್ರೆಯಲ್ಲಿ ಆರು ದಿನ. ನನಗೂ ಹೆಗಲು ಊದಿತ್ತು. ಎರಡನೆಯ ದಿನ ಊಟದ ಡಬ್ಬಿ ಕಟ್ಟಿ ಮನೆಯವರ ಮುಂದಿಟ್ಟೆ. "ನನಗ ಏಳಾಕ ಆಗವಲ್ದು. ನೀವs ಕೊಟ್ಟು ಬರ್ರಿ," ಅಂದೆ. ಡಬ್ಬಿಯನ್ನೂ ನನ್ನನ್ನೂ ನೋಡಿದರು. "ಆ ಮುದುಕನ ಕೈ ಮುರೀತಲ್ಲ, ಛಲೋನೇ ಆತು," ಅಂದರು. ಆಮೇಲೆ ಸೈಕಲ್ ತೆಗೆದರು. ಮನಸ್ಸು ತಡೆಯದೆ ನಾನೂ ಆಟೋ ಹಿಡಿದು ಹಿಂದೆಯೇ ಹೋದೆ. ಬಾಗಿಲಲ್ಲಿ ನಿಂತು ಕೇಳಿದ್ದು ಇದು.

ಮಾಸ್ತರು ಏನೋ ಕೇಳಿದರು. ನಮ್ಮ ಮನೆಯವರು ರೂಢಿಯಂತೆ ಕತ್ತು ತಿರುಗಿಸಿ ಬಲಗಿವಿ ಕೊಟ್ಟರು.

"ಎಡಗಿವಿ ಕೇಳಂಗಿಲ್ಲೇನಪ್ಪ?"

"ಇಲ್ರಿ."

"ಹುಟ್ಟಿದಾಗಿಂದ?"

"ಏಳನೇತ್ತದಿಂದ್ರಿ. ಮಾನ್ವಿ ಸಾಲಿ. ನೀವs ಹೊಡದದ್ರಿ."

ಮಾಸ್ತರು ಪ್ಲಾಸ್ಟರ್ ಹಾಕಿದ ಕೈ ನೋಡಿಕೊಂಡರು. "ಹೌದು," ಅಂದರು. "ಬಲಗೈಲೆ ಹೊಡದ್ರ ಎಡಗಿವಿಗೇ ಬೀಳ್ತದ." ಕ್ಷಮಿಸು ಅನ್ನಲಿಲ್ಲ. ನಮ್ಮ ಮನೆಯವರೂ ಪರವಾಗಿಲ್ಲ ಅನ್ನಲಿಲ್ಲ. ಅನ್ನಕ್ಕೆ ಸಾರು ಹಾಕಿ ಕಲಸಿದರು. ಚಮಚದಿಂದ ಮಾಸ್ತರ ಬಾಯಿಗಿಟ್ಟರು.

ಕೈ ಪ್ಲಾಸ್ಟರಿನಲ್ಲಿದ್ದರೂ ಮಾಸ್ತರು ಬರುವುದು ಬಿಡಲಿಲ್ಲ. ಗೌಡನ ಮೇಲೆ ಪೊಲೀಸರಿಗೆ ದೂರು ಕೊಟ್ಟರು, ಪುಸ್ತಕವನ್ನೇ ಬರೆಯುತ್ತೇನೆ ಅಂದರು. ಅದಕ್ಕೆ ಸಾಕ್ಷಿಗಳ ಹೇಳಿಕೆ ಶುದ್ಧ ಪ್ರತಿ ಮಾಡುತ್ತ ಕೂತಿದ್ದೆ. 'ಕಣದಲ್ಲಿ ಜೋಳದ ರಾಶಿ ಇತ್ತು, ಯುಗಾದಿ ಆಗಿ ಹತ್ತು ದಿನ' ಅಂತ ಬರೆಯುವಾಗ ಕೈ ನಿಂತಿತು. ಮೊಹರಂ ಒಂದೇ ಕಾಲಕ್ಕೆ ಬರುವ ಹಬ್ಬ ಅಲ್ಲ. ವರ್ಷ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ನಾನೇ ಸಣ್ಣವಳಿದ್ದಾಗ ಅಲಾಯಿ ಕುಣಿಗೆ ಮಳೆ ಬಿದ್ದದ್ದೂ ಕಂಡಿದ್ದೇನೆ, ಬೂದಿ ಕಾದು ಕಾಲು ಸುಟ್ಟದ್ದೂ ಕಂಡಿದ್ದೇನೆ. ಮಾಸ್ತರು ಹೇಳಿದ ವರ್ಷದಲ್ಲಿ ಅದು ಯುಗಾದಿಯ ಬಗಲಿಗೆ ಬಂದಿತ್ತೇ?

ಅವರು ನಮಾಜಿಗೆ ಹೋದಾಗ ಜಂತ್ರಿ ತೆಗೆದೆ. ಅದರಲ್ಲಿ ಮೂರೂ ಲೆಕ್ಕ ಅಕ್ಕಪಕ್ಕ ಇರುತ್ತವೆ, ಅಂಕಿ ಓದುವುದನ್ನು ಅವರೇ ಕಲಿಸಿದ್ದರು. ಆ ಹಿಜರಿ ವರ್ಷದ ಮೊಹರಂ ಬಂದದ್ದು ಮುಂಗಾರು ಬಿತ್ತನೆಯಲ್ಲಿ. ಆಗ ಯಾರ ಕಣದಲ್ಲಿ ಯಾವ ಜೋಳ? ಫಸಲಿ ಅಂತ ಹಿಡಿದರೆ ಸರಿಯಾಗಿ ಯುಗಾದಿಗೆ ಹತ್ತುತ್ತಿತ್ತು. ಹಕೀಮ ಬರೆದದ್ದು ಫಸಲಿ. ದೊಡ್ಡ ಗೌಡ ಅಷ್ಟು ಹೊತ್ತಿಗೆ ಸತ್ತು ವರ್ಷಗಳಾಗಿದ್ದವು. ಹೊಡೆಸಿದವನು ಸಣ್ಣ ಗೌಡ.

ನಾಲ್ಕು ದಿನ ಬಾಯಿ ಬಿಡಲಿಲ್ಲ. ಹೇಳಿದರೆ ಬೆರಳು ಮುರಿದವನ ಮಾತೇ ಖರೆಯಾಗುತ್ತದೆ. ಬಿಟ್ಟರೆ ಸತ್ತವನೊಬ್ಬನ ಮೇಲೆ ಮಾಡದ ಕೊಲೆ. ಐದನೆಯ ದಿನ ಹೇಳಿದೆ. ಮಾಸ್ತರು ಎರಡು ಸಲ ಜಂತ್ರಿ ನೋಡಿದರು. ಎಡಗೈಯಲ್ಲಿ ರೂಲು ಎತ್ತಿದರು. ಹುಳ ಕಂಡಿರಬೇಕು ಅಂದುಕೊಂಡೆ. ತಮ್ಮ ಪ್ಲಾಸ್ಟರಿನ ಕೈ ಮೇಜಿನ ಮೇಲಿಟ್ಟು ಅದರ ಮೇಲೆ ಹೊಡೆದುಕೊಂಡರು. "ಐನೂರಾ ತೊಂಬತ್ತು!" ಮತ್ತೆ ಹೊಡೆದರು. "ಐನೂರಾ ತೊಂಬತ್ತು!" ಪ್ಲಾಸ್ಟರ್ ಬಿರಿಯಿತು. ರೂಲು ಕಸಿದುಕೊಳ್ಳಬೇಕಾದರೆ ನಾನು ಅವರ ಕೈ ಕಚ್ಚಬೇಕಾಯಿತು.

ತಪ್ಪು ತಮ್ಮದು ಅಂತ ಅವತ್ತೇ ದೂರು ಹಿಂದಕ್ಕೆ ತೆಗೆದುಕೊಂಡರು. ಮರುದಿನ ದೇವದುರ್ಗದ ಬಸ್ಸು ಹತ್ತಿದರು. ಒಬ್ಬರನ್ನೇ ಬಿಡಬಾರದು ಅಂತ ನಾನೂ ಹತ್ತಿದೆ.

ಗೌಡರ ವಾಡೆಯ ಪಡಸಾಲೆಯಲ್ಲಿ ದೊಡ್ಡ ಗೌಡರ ಫೋಟೊ, ಹೊಸ ಹೂವಿನ ಹಾರ. ಕೆಳಗೆ ಗೌಡನ ತಾಯಿ, ಎಂಬತ್ತು ದಾಟಿದ ಮುದುಕಿ, ಹೂಬತ್ತಿ ಹೊಸೆಯುತ್ತ ಕೂತಿದ್ದಳು. ಗೌಡ ನಮ್ಮನ್ನು ನೋಡಿ ಎದ್ದು ನಿಂತ. ಮಾಸ್ತರು ಕೂರಲಿಲ್ಲ.

"ಗೌಡ್ರ, ನಿಮ್ಮ ಮುತ್ಯಾ ಕೊಂದಿಲ್ಲ. ವರ್ಷ ಓದೂದ್ರಾಗ ನಂದು ತಪ್ಪಾತು. ಆ ಹೊತ್ತಿಗೆ ದೊಡ್ಡ ಗೌಡ್ರು ಇರಲೇ ಇಲ್ಲ. ಹೊಡಸಿದ್ದು ಅವರ ತಮ್ಮ. ಸಣ್ಣ ಗೌಡ್ರು."

ಗೌಡನ ಮುಖ ಅರಳಿತು. "ನಾ ಹೇಳಿದ್ನಿಲ್ಲ! ಕೇಳಿದೇನಬೇ ಯವ್ವಾ? ನಮ್ಮ ಮುತ್ಯಾ ದೇವರಂಥಾಂವ!"

ಮುದುಕಿಯ ಕೈ ನಿಂತಿತು. "ಏನ್ ಕುಣೀತಿಯೋ. ದೊಡ್ಡ ಗೌಡ್ರಿಗೆ ಮಕ್ಕಳೆಲ್ಲಿದ್ದುವು? ನಿಮ್ಮಪ್ಪನ್ನ ದತ್ತಕ ತಗೊಂಡಿದ್ರು. ನಿಮ್ಮಪ್ಪನ್ನ ಹುಟ್ಟಿಸಿದಾಂವ ಸಣ್ಣ ಗೌಡ ಅಲ್ಲೇನು?"

ಮುದುಕಿ ಮತ್ತೆ ಬತ್ತಿ ಕೈಗೆ ತೆಗೆದುಕೊಂಡಳು. "ಚಾವಡಿ ಬೇವಿನ ಗಿಡ ಯಾಕ ಕಡಿಸಿದ್ರು ಅಂತ ನಮ್ಮತ್ತಿ ಹೇಳಿದ್ಲು. ಎಷ್ಟ್ ತೊಳದ್ರೂ ತೊಗಟಿ ಸಂದ್ಯಾಗಿನ ಕೂದಲ ಹೋಗಲಿಲ್ಲಂತ."

"ಯವ್ವಾ, ಬಾಯಿ ಮುಚ್ಚು!"

ಆಮೇಲೆ ಗೌಡ ಮಾಸ್ತರ ಹತ್ತಿರ ಬಂದ. ದನಿ ಬದಲಾಗಿತ್ತು. "ಮಾಸ್ತರ, ಇದ್ದದ್ದು ಹಂಗs ಇರ್ಲಿ ಬಿಡ್ರಿ. ದೊಡ್ಡ ಮುತ್ಯಾನ ರಕ್ತದವರು ಯಾರೂ ಇಲ್ಲ. ಆತನ ಹೆಸರೇ ಇರ್ಲಿ."

"ಹಂಗಾರ ನನ್ನ ಬೆರಳ ಯಾಕ ಮುರದ್ರಿ?"

ಗೌಡ ಅವರ ಎದೆಯ ಅಂಗಿ ಹಿಡಿದು ಕಂಬಕ್ಕೆ ಒತ್ತಿದ. ತಲೆ ಕಂಬಕ್ಕೆ ಬಡಿದು ಟೋಪಿ ಕೆಳಗೆ ಬಿತ್ತು. "ಇನ್ನೊಂದು ಕೈ ಉಳದದ, ನೆನಪಿರ್ಲಿ."

"ಅದರಿಂದ್ಲೇ ಬರಿತೀನಿ," ಅಂದರು ಮಾಸ್ತರು.

ಬಲಗೈ ಕೊನೆಗೂ ಪೆನ್ನು ಹಿಡಿಯಲಿಲ್ಲ. ಎರಡು ತಿಂಗಳು ಎಡಗೈಯಲ್ಲಿ ತಿದ್ದಿದರು, ಒಂದನೆಯ ತರಗತಿಯ ಮಗುವಿನ ಅಕ್ಷರ. ನಾನು ಬರೆದುಕೊಡುತ್ತೇನೆ ಅಂದರೆ ಬೇಡ. ಪತ್ರಿಕೆಗೆ ಕಳಿಸೋಣ ಅಂದರೂ ಬೇಡ. "ಪೇಪರ್ ಇವತ್ತು ಓದಿ ನಾಳೆ ಮಿರ್ಚಿ ಕಟ್ಟತಾರ. ಕಡತಕ್ಕ ಹೊಲಿ ಯವ್ವಾ." ನಮ್ಮ ಕೋಣೆಯ ಪದ್ಧತಿ ಅದು. ಹಿಂದೆ ಓದಿದ್ದು ತಪ್ಪು ಅಂತ ತಿಳಿದರೆ, ತಿಳಿದವರು ಒಂದು ಹಾಳೆ ಬರೆದು ಆ ಕಡತದ ತಲೆಗೇ ಹೊಲಿಸಬೇಕು. ಹೊಲಿದು ಪುಟದ ನಂಬರು ರಿಜಿಸ್ಟರಿಗೆ ಏರಿತು ಅಂದರೆ ಮತ್ತೆ ಕಿತ್ತು ತೆಗೆಯುವಂತಿಲ್ಲ. ಮುಂದೆ ಯಾರು ಗಂಟು ಬಿಚ್ಚಿದರೂ ಮೊದಲು ಅದನ್ನೇ ಓದಬೇಕು.

ಕಳೆದ ವಾರ ಹಾಳೆ ಕೊಟ್ಟರು. ಹುಲಿಗೆಪ್ಪನ ಹೆಸರು, ಸಣ್ಣ ಗೌಡನ ಹೆಸರು, ವರ್ಷ ಹೇಗೆ ತಪ್ಪಿತು ಅನ್ನುವುದು. ಎಲ್ಲದರ ಕೆಳಗೆ ಇನ್ನೊಂದು ಸಾಲು ಇತ್ತು: 'ಇದನ್ನು ಓದಿದವನ ಬಲಗೈಯಿಂದ ಆದ ಗಾಯ: ಮಾನ್ವಿ ಶಾಲೆ, ಏಳನೆಯ ತರಗತಿ, ಒಬ್ಬ ಹುಡುಗನ ಎಡಗಿವಿ. ಕಾರಣ, ಇಸವಿ ತಪ್ಪು ಹೇಳಿದ್ದು.'

"ಇದ್ಯಾಕ್ರಿ ಇದರಾಗ?" ಅಂದೆ.

"ಗಾಯಾ ಅಂದಮ್ಯಾಲ ಬರೀಬೇಕು. ನಿನ್ನ ಗಂಡನ್ನ ಒಂದು ಮಾತು ಕೇಳಿ ಹೊಲಿ."

ಕೇಳಲಿಲ್ಲ. ಇವತ್ತು, ನಾಳೆ ಅಂತ ಹಾಳೆ ಮೇಜಿನ ಡ್ರಾದಲ್ಲೇ ಉಳಿಯಿತು. ನಿನ್ನೆ ಸಂಜೆ ಮಾಸ್ತರು ಹೋದರು. ಎದೆನೋವು, ಆಸ್ಪತ್ರೆಯ ತನಕವೂ ಆಗಲಿಲ್ಲವಂತೆ.

ಬೆಳಗ್ಗೆ ಮಾನ್ವಿಯಲ್ಲಿ ಮಯ್ಯತ್ ಎತ್ತುವಾಗ ಹೆಂಗಸರೆಲ್ಲ ಒಳಗೆ ಕೂತಿದ್ದೆವು. ಅವರ ಹೆಂಡತಿ ನನ್ನ ಕೈ ಹಿಡಿದು, "ಸೀದಾ ಹಾತ್ ಆಖಿರ್ ತಕ್ ಸೀದಾ ನೈ ಹುವಾ ಬೇಟೀ," ಅಂದರು. ಬಲಗೈ ಕೊನೆತನಕ ನೆಟ್ಟಗಾಗಲಿಲ್ಲ ಅಂತ.

ಹೊರಗೆ ಬಂದಾಗ ಓಣಿಯ ತಿರುವಿನಲ್ಲಿ ಗೌಡ ನಿಂತಿದ್ದ, ಬಿಳಿ ಅಂಗಿ, ತಲೆಗೆ ಕರವಸ್ತ್ರ. ಮಯ್ಯತ್ತಿಗೆ ಹೆಗಲು ಕೊಟ್ಟು ಬಂದಿದ್ದ.

"ಅಕ್ಕಾರ, ಹಾಳಿ ನಿಮ್ಮ ಹತ್ರನೇ ಅದಂತ. ಮಾಸ್ತರ್ ಹೋದ್ರು. ಇನ್ನ ಯಾಕ ಬಿಡ್ರಿ."

ನಾನು ಬಸ್‌ಸ್ಟ್ಯಾಂಡಿನ ಕಡೆ ತಿರುಗಿದೆ.

"ನಿಮ್ಮ ಮನಿಯವರು ದಿನಾ ಸೈಕಲ್ ಮ್ಯಾಲ ಹೊಕ್ಕಾರ. ಒಂದ್ ಕಿವಿ ಕೇಳಂಗಿಲ್ಲಂತಲ್ಲ. ಹಿಂದಿಂದ ಲಾರಿ ಬಂದ್ರ ತಿಳೀಬೇಕಲ್ಲ ಪಾಪ. ಹುಷಾರಾಗಿರಾಕ ಹೇಳ್ರಿ."

"ಹೇಳ್ತೀನ್ರಿ," ಅಂದೆ.

ಬಸ್ಸಿನಲ್ಲಿ ಕಿಟಕಿಯ ಹತ್ತಿರ ಸೀಟು ಸಿಕ್ಕಿತು. ಕಾಲುವೆ, ಭತ್ತದ ಗದ್ದೆ, ಮತ್ತೆ ಕಾಲುವೆ. ಎದುರಿಗೆ ಬಂದ ಲಾರಿಗಳನ್ನು ಎಣಿಸುತ್ತ ಕೂತೆ. ಹದಿನಾಲ್ಕರ ತನಕ ಎಣಿಸಿ ಬಿಟ್ಟೆ. ಹಾಳೆ ಹರಿದು ಹಾಕುವುದು ಎಷ್ಟು ಹೊತ್ತಿನ ಕೆಲಸ? ಅದನ್ನೂ ಯೋಚಿಸಿದೆ. ಸುಳ್ಳು ಹೇಳಿ ಏನು ಮಾಡಲಿ. ಕೋಣೆಯ ಬೀಗ ತೆಗೆಯುವ ತನಕ ಯೋಚಿಸಿದೆ. ಡ್ರಾ ಎಳೆದಾಗ ಮೇಲೆ ಹಾಳೆ, ಕೆಳಗೆ ದಬ್ಬಣ. ಮೂರು ತೂತು, ಮೂರು ಹೊಲಿಗೆ, ಒಂದು ಗಂಟು. ನಂಬರು ರಿಜಿಸ್ಟರಿಗೆ ಏರಿಸಿದೆ.

ಊಟಕ್ಕೆ ಕುಳಿತಾಗ ಎಲ್ಲ ಹೇಳಿದೆ. ಅವರ ಬಲಕ್ಕೆ ಕೂತು ಹೇಳಿದೆ. ಲಾರಿಯ ಮಾತು ಬಂದಾಗ ರೊಟ್ಟಿಗೆ ಹಿಂಡಿ ಹಚ್ಚಿಕೊಂಡರು. ಕೊನೆಯ ಸಾಲಿನ ವಿಷಯ ಹೇಳಿದಾಗ ರೊಟ್ಟಿ ಮುರಿಯುವುದು ನಿಲ್ಲಿಸಿದರು.

"ಕೇಳದs ಹೊಲದಿ?"

"ಹೂಂ."

"ಯಾವ ಕಿವಿ ಅಂತ ಬರದಾನ?"

"ಎಡಗಿವಿ."

"ಇಸವಿದೂ ಬರದಾನ?"

"ಬರದಾರ."

"ಖರೇ ಬರದಾನ," ಅಂದರು. "ಇನ್ನೊಂದ್ ರೊಟ್ಟಿ ಹಾಕು."

ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿ, ಮಜ್ಜಿಗೆ. ಅವರು ಮೂರು ರೊಟ್ಟಿ ಉಂಡರು, ನಾನು ಒಂದೂವರೆ. ಮೊದಲು ಮಲಗಿದವರು ಅವರೇ, ಬಲಗಿವಿ ತಲೆದಿಂಬಿಗೆ ಒತ್ತಿ. ಈಗ ಮನೆಯ ಮುಂದೆ ಯಾವುದೋ ಗಾಡಿ ನಿಂತಿದೆ, ಎಂಜಿನ್ ಇನ್ನೂ ಆಡುತ್ತಿದೆ. ಅವರಿಗೆ ಕೇಳಿಸುತ್ತಿಲ್ಲ.